ಮಾರಿದರೆ ಎಷ್ಟು ಬರುತ್ತದೆ? ನಿಶ್ಚಿತಾರ್ಥದ ವಜ್ರದುಂಗುರದ ಲೆಕ್ಕಾಚಾರ

ನಿಶ್ಚಿತಾರ್ಥಕ್ಕೆ ವಜ್ರದುಂಗುರ ಕೊಳ್ಳಲು ಹೊರಟ ಮನೆಯವರು ಈಗ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಎರಡು ಪಕ್ಷವಾಗಿರುತ್ತಾರೆ. ಮದುವೆಯಾಗುವ ಹುಡುಗ, ಹುಡುಗಿ ಲ್ಯಾಬ್‌ನಲ್ಲಿ ಬೆಳೆಸಿದ ವಜ್ರದ ಕಡೆ. ಅದೇ ಹೊಳಪು, ಇನ್ನೂ ದೊಡ್ಡ ಕಲ್ಲು, ಬೆಲೆ ಮಾತ್ರ ಗಣಿಯ ವಜ್ರದ ಐದರಲ್ಲೊಂದು ಭಾಗ ಎಂಬುದು ಅವರ ವಾದ. ತಾಯಿ, ಸೋದರತ್ತೆ, ದೊಡ್ಡಮ್ಮ ಗಣಿಯ ವಜ್ರದ ಕಡೆ. ಅವರು ಕೇಳುವ ಪ್ರಶ್ನೆ ಒಂದೇ: 'ನಾಳೆ ಮಾರಿದರೆ ಎಷ್ಟು ಬರುತ್ತದೆ?'

ಕೇಳಲೇಬೇಕಾದ ಪ್ರಶ್ನೆ. ಆದರೆ ಅದನ್ನು ಲ್ಯಾಬ್ ವಜ್ರಕ್ಕೆ ಮಾತ್ರ ಕೇಳಿ, ಗಣಿಯ ವಜ್ರಕ್ಕೆ ಕೇಳದೆ ಬಿಡುತ್ತಾರೆ. ಎಡವುವುದೇ ಅಲ್ಲಿ.

ನಮ್ಮ ಮನೆಗಳಲ್ಲಿ ಒಡವೆಯೆಂದರೆ ಚಿನ್ನ, ಚಿನ್ನವೆಂದರೆ ಆಪದ್ಧನ. ಮಳೆ ಕೈಕೊಟ್ಟ ವರ್ಷ, ಮಗನ ಕಾಲೇಜು ಶುಲ್ಕದ ತಿಂಗಳು, ಆಸ್ಪತ್ರೆಯ ಬಿಲ್ಲು ಬಂದ ದಿನ ಬಳೆಯೋ ಸರವೋ ಅಡವಿಗೆ ಹೋಗುತ್ತದೆ, ಬಿಡಿಸಿಕೊಂಡು ಬರುತ್ತದೆ. ಬೆಳಗಿನ ಪತ್ರಿಕೆಯಲ್ಲಿ ದರವಿದೆ, ಯಾವ ಊರಿನ ಚಿನಿವಾರನೂ ಆ ದರಕ್ಕೆ ಹತ್ತಿರದ ಹಣ ಎಣಿಸುತ್ತಾನೆ. ಈ ಅಭ್ಯಾಸವನ್ನು ನಾವು ವಜ್ರಕ್ಕೂ ಹಾಗೆಯೇ ಅಂಟಿಸಿಕೊಂಡಿದ್ದೇವೆ. ವಜ್ರಕ್ಕೆ ಅಂಥ ದಿನದ ದರವಿಲ್ಲ. ಒಂದೇ ತೂಕದ ಎರಡು ಕಲ್ಲುಗಳ ಬೆಲೆ ಬಣ್ಣ, ಶುದ್ಧತೆ, ಕಟಿಂಗ್ ನೋಡಿಕೊಂಡು ದುಪ್ಪಟ್ಟು ಬೇರೆಯಾಗಬಹುದು. ಮಾರುವವನಿಗೊಂದು ಬೆಲೆ, ಕೊಳ್ಳುವವನಿಗೊಂದು ಬೆಲೆ. ವಜ್ರದುಂಗುರವನ್ನು ಬ್ಯಾಂಕಿಗೋ ಚಿನ್ನದ ಸಾಲದ ಕಂಪನಿಗೋ ಒಯ್ದರೆ ಸತ್ಯ ತಕ್ಷಣ ಗೊತ್ತಾಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಅಲ್ಲಿ ಲೆಕ್ಕಕ್ಕೆ ಬರುವುದು ಚಿನ್ನದ ಮೌಲ್ಯ ಮಾತ್ರ. ಕಲ್ಲಿನ ತೂಕವನ್ನು ಕಳೆದು, ಉಳಿದ ಎರಡು ಮೂರು ಗ್ರಾಮಿಗೆ ಸಾಲ ಕೊಡುತ್ತಾರೆ. ಆ ಕಲ್ಲು ನೆಲದಾಳದಲ್ಲಿ ನೂರು ಕೋಟಿ ವರ್ಷ ಕಳೆದು ಬಂದದ್ದೋ ಸೂರತ್ತಿನ ಯಂತ್ರದಲ್ಲಿ ಮೂರು ನಾಲ್ಕು ವಾರದಲ್ಲಿ ಬೆಳೆದದ್ದೋ ಎಂದು ಕೌಂಟರಿನವನು ಕೇಳುವುದೂ ಇಲ್ಲ.

ಒಂದು ಬಿಲ್ಲನ್ನು ಬಿಡಿಸಿ ನೋಡೋಣ. ಲೆಕ್ಕ ಸುಲಭವಾಗಲೆಂದು ದುಂಡು ಅಂಕಿಗಳನ್ನು ಹಿಡಿಯುತ್ತೇನೆ. ನಿಮ್ಮ ಊರಿನ ಈ ದಿನದ ಬೆಲೆ ಬೇರೆಯಿರುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ. ಹದಿನೆಂಟು ಕ್ಯಾರೆಟ್ ಚಿನ್ನದ ಉಂಗುರ, ನಡುವೆ ಐವತ್ತು ಸೆಂಟಿನ, ಅಂದರೆ ಅರ್ಧ ಕ್ಯಾರೆಟ್‌ನ ಒಂಟಿ ಕಲ್ಲು. ಒಟ್ಟು ತೂಕ 3.10 ಗ್ರಾಂ. ಚಿನ್ನದಲ್ಲಿ ಕ್ಯಾರೆಟ್ ಶುದ್ಧತೆಯ ಅಳತೆ, ವಜ್ರದಲ್ಲಿ ತೂಕದ ಅಳತೆ. ವಜ್ರದ ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ ಆದ್ದರಿಂದ ಕಲ್ಲಿನ ತೂಕ 0.10 ಗ್ರಾಂ. ಉಳಿದ ಚಿನ್ನ ನಿಖರವಾಗಿ 3 ಗ್ರಾಂ. ಗ್ರಾಮಿಗೆ ಹತ್ತು ಸಾವಿರ ಎಂದುಕೊಂಡರೆ ಚಿನ್ನಕ್ಕೆ 30,000 ರೂಪಾಯಿ. ಮಜೂರಿ ಶೇ 15, ಅಂದರೆ 4,500. ಕಲ್ಲು ಗಣಿಯದಾದರೆ 80,000 ಎಂದಿರಲಿ, ಲ್ಯಾಬಿನದಾದರೆ 15,000. ಕೊನೆಗೆ ಶೇ 3 ಜಿಎಸ್‌ಟಿ. ಗಣಿಯ ಕಲ್ಲಿನ ಉಂಗುರ 1,17,935 ರೂಪಾಯಿಗೆ ಬಂತು, ಲ್ಯಾಬ್ ಕಲ್ಲಿನದು 50,985ಕ್ಕೆ.

ಐದು ವರ್ಷ ಬಿಟ್ಟು ಎರಡನ್ನೂ ಮಾರುವ ಪ್ರಸಂಗ ಬಂತೆನ್ನಿ. ಚಿನ್ನದ ಭಾಗ ಎರಡರಲ್ಲೂ ಸಮ, ಅಂದಿನ ದರಕ್ಕೆ ಬರುತ್ತದೆ. ಮಜೂರಿ, ತೆರಿಗೆ ಎರಡರಲ್ಲೂ ಹೋಯಿತು. ಉಳಿದದ್ದು ಕಲ್ಲು. ದೊಡ್ಡಮ್ಮ ಹೇಳಿದಂತೆಯೇ ಲ್ಯಾಬ್ ಕಲ್ಲಿಗೆ ಯಾರೂ ಒಂದು ಪೈಸೆಯನ್ನೂ ಕೊಡಲಿಲ್ಲ ಎಂದೇ ಇಟ್ಟುಕೊಳ್ಳೋಣ. ನಷ್ಟ 15,000. ಗಣಿಯ ಕಲ್ಲಿಗೆ ಹೊರಗಿನ ಅಂಗಡಿಯವನು ಅರ್ಧ ಬೆಲೆ ಕೊಟ್ಟರೆ ನಷ್ಟ 40,000. ಎರಡರ ನಷ್ಟ ಸಮವಾಗಬೇಕಾದರೆ ಗಣಿಯ ಕಲ್ಲು ಕನಿಷ್ಠ 65,000ಕ್ಕೆ ಮಾರಾಟವಾಗಬೇಕು, ಅಂದರೆ ಕೊಂಡ ಬೆಲೆಯ ಶೇ 81ಕ್ಕೆ. ನಗದು ಎಣಿಸಿ ಅಷ್ಟು ಕೊಡುವ ಅಪರಿಚಿತ ಅಂಗಡಿ ಸಿಕ್ಕುವುದು ದುರ್ಲಭ. 'ಮರುಮಾರಾಟವಿಲ್ಲದ' ಕಲ್ಲಿನಲ್ಲೇ ಕೈಬಿಟ್ಟು ಹೋಗುವ ಹಣ ಕಡಿಮೆ!

ಇಲ್ಲಿ ಅಂಗಡಿಯವರು ಒಂದು ಮಾತು ಸೇರಿಸುತ್ತಾರೆ: 'ನಮ್ಮಲ್ಲೇ ತಂದರೆ ಪೂರ್ತಿ ಬೆಲೆಗೆ ವಿನಿಮಯವಿದೆ.' ನಿಜವಿರಬಹುದು, ದೊಡ್ಡ ಅಂಗಡಿಗಳು ಗಣಿಯ ವಜ್ರಕ್ಕೆ ಒಳ್ಳೆಯ ವಿನಿಮಯ ಕೊಡುವುದುಂಟು. ಆದರೆ ವಿನಿಮಯವೆಂದರೆ ಅದೇ ಅಂಗಡಿಯಲ್ಲಿ ಇನ್ನೊಂದು ಒಡವೆ ಕೊಳ್ಳಬೇಕು, ಹೊಸ ಒಡವೆಗೆ ಹೊಸ ಮಜೂರಿ ತೆರಬೇಕು. ಆಸ್ಪತ್ರೆಯ ಬಿಲ್ಲು ವಿನಿಮಯದಿಂದ ತೀರುವುದಿಲ್ಲ. ಲ್ಯಾಬ್ ವಜ್ರದ ಹೊಸ ಕಂಪನಿಗಳೂ ಈಗ ಇದೇ ಭರವಸೆ ಕೊಡುತ್ತಿವೆ; ಅವರನ್ನು ಇನ್ನೂ ಒಂದು ಪ್ರಶ್ನೆ ಕೇಳಬೇಕು. ಶೇಕಡಾವಾರು ಲೆಕ್ಕ ಯಾವ ಬೆಲೆಯ ಮೇಲೆ, ನಾನು ಕೊಟ್ಟ ಬಿಲ್ಲಿನ ಮೇಲೋ, ವಾಪಸು ತಂದ ದಿನದ ಬೆಲೆಯ ಮೇಲೋ? ಬೆಲೆ ಕುಸಿಯುತ್ತಿರುವ ವಸ್ತುವಿನಲ್ಲಿ ಈ ಎರಡರ ನಡುವೆ ಅಜಗಜಾಂತರ.

ಕುಸಿತ ಸಣ್ಣದಲ್ಲ. ಹತ್ತು ವರ್ಷದ ಹಿಂದೆ ಲ್ಯಾಬ್ ವಜ್ರ ಗಣಿಯದಕ್ಕಿಂತ ಶೇ 20ರ ಆಸುಪಾಸು ಅಗ್ಗವಿತ್ತು, ಅಷ್ಟೇ. ಈಗ ಶೇ 80ಕ್ಕೂ ಮೀರಿ ಅಗ್ಗ. ಕಾರಣ ತಂತ್ರಜ್ಞಾನದಲ್ಲಿದೆ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು ಭಾರೀ ಒತ್ತಡ, ಭಾರೀ ಶಾಖ ಕೊಟ್ಟು ಇಂಗಾಲವನ್ನು ವಜ್ರವಾಗಿಸಿದರು. ಅದು ಕೈಗಾರಿಕೆಗೆ ಸಾಕಾಗುವ ಪುಡಿ. ಒಡವೆಗೆ ಒಗ್ಗುವ ಕಲ್ಲು ಧಾರಾಳವಾಗಿ ಬಂದದ್ದು ಸಿವಿಡಿ ಎಂಬ ಇನ್ನೊಂದು ವಿಧಾನ ಪಳಗಿದ ಮೇಲೆ. ವಜ್ರದ ತೆಳುವಾದ ಒಂದು ಬಿಲ್ಲೆಯನ್ನು ಬೀಜವಾಗಿಟ್ಟು, ಮುಚ್ಚಿದ ಕೋಣೆಯಲ್ಲಿ ಮೀಥೇನ್ ಮತ್ತು ಹೈಡ್ರೋಜನ್ ಅನಿಲವನ್ನು ಪ್ಲಾಸ್ಮಾ ಆಗುವಷ್ಟು ಕಾಯಿಸಿದರೆ, ಇಂಗಾಲದ ಪರಮಾಣುಗಳು ಬೀಜದ ಮೇಲೆ ಪದರಪದರವಾಗಿ ಕೂರುತ್ತವೆ. ಭಾರತದ ಉತ್ಪಾದಕರು ಹೆಚ್ಚಾಗಿ ಹಿಡಿದದ್ದು ಈ ದಾರಿಯನ್ನೇ. 2023ರ ಕೇಂದ್ರ ಬಜೆಟ್ಟಿನಲ್ಲಿ ಇಂಥ ಬೀಜದ ಮೇಲಿನ ಶೇ 5ರ ಆಮದು ಸುಂಕವನ್ನು ತೆಗೆದುಹಾಕಿದರು, ಐಐಟಿಯೊಂದಕ್ಕೆ ಐದು ವರ್ಷದ ಸಂಶೋಧನಾ ಅನುದಾನ ಘೋಷಿಸಿದರು. ಅದೇ ವರ್ಷ ಜೂನ್‌ನಲ್ಲಿ ಪ್ರಧಾನಿ ಮೋದಿ ಅಮೆರಿಕ ಅಧ್ಯಕ್ಷರ ಪತ್ನಿ ಜಿಲ್ ಬೈಡನ್ ಅವರಿಗೆ 7.5 ಕ್ಯಾರೆಟ್‌ನ ಲ್ಯಾಬ್ ವಜ್ರ ಉಡುಗೊರೆ ಕೊಟ್ಟರು. ಇಷ್ಟೆಲ್ಲ ಉತ್ತೇಜನ ಸಿಕ್ಕ ಮೇಲೆ ಯಂತ್ರಗಳು ಹೆಚ್ಚಿದವು, ಕಲ್ಲುಗಳು ಹೆಚ್ಚಿದವು, ಬೆಲೆ ನೆಲ ಕಚ್ಚಿತು. ಯಂತ್ರ ಹೂಡಿದವರಲ್ಲೇ ಎಷ್ಟೋ ಮಂದಿ ಕೈ ಸುಟ್ಟುಕೊಂಡರು.

ಡಿ ಬಿಯರ್ಸ್ ಕಂಪನಿಯ ಕಥೆ ಇನ್ನೂ ಸ್ವಾರಸ್ಯ. ವಜ್ರ ಶಾಶ್ವತ ಎಂಬ ಜಾಹೀರಾತಿನ ಸಾಲನ್ನು 1947ರಲ್ಲಿ ಬರೆಸಿ, ನಿಶ್ಚಿತಾರ್ಥವೆಂದರೆ ವಜ್ರದುಂಗುರವೆಂಬ ನಂಬಿಕೆಯನ್ನು ಅಮೆರಿಕದಲ್ಲಿ ಬಿತ್ತಿದ್ದು ಇದೇ ಕಂಪನಿ. ಎಷ್ಟು ತಿಂಗಳ ಸಂಬಳವನ್ನು ಉಂಗುರಕ್ಕೆ ಸುರಿಯಬೇಕೆಂಬ ಲೆಕ್ಕವನ್ನೂ ಅದರ ಜಾಹೀರಾತುಗಳೇ ಕಲಿಸಿದವು. ನಮ್ಮಲ್ಲಿ ಮಾತು ಗಟ್ಟಿಯಾಗುತ್ತಿದ್ದದ್ದು ಎಲೆ ಅಡಿಕೆ ತಟ್ಟೆ ಬದಲಾಯಿಸಿಕೊಂಡು. ಉಂಗುರ ಬದಲಾಯಿಸುವುದು ಆಮೇಲೆ ಬಂದು ಸೇರಿಕೊಂಡ ಸಂಭ್ರಮ, ಅದರ ಮೇಲೆ ವಜ್ರ ಕೂತದ್ದು ಇನ್ನೂ ಇತ್ತೀಚೆಗೆ. ಈ ಡಿ ಬಿಯರ್ಸ್ 2018ರಲ್ಲಿ ಲೈಟ್‌ಬಾಕ್ಸ್ ಎಂಬ ಹೆಸರಿನಲ್ಲಿ ತಾನೇ ಲ್ಯಾಬ್ ವಜ್ರ ಮಾರಲು ಇಳಿಯಿತು, ಕ್ಯಾರೆಟ್‌ಗೆ 800 ಡಾಲರ್ ಎಂದು ಏಕಬೆಲೆ ಕಟ್ಟಿ. ಇದು ಅಗ್ಗದ ಫ್ಯಾಷನ್ ಒಡವೆ, ನಿಶ್ಚಿತಾರ್ಥಕ್ಕೆ ನಿಜವಾದ ವಜ್ರವೇ ಬೇಕು ಎಂದು ಜನ ತಿಳಿಯಲಿ ಎಂಬ ಎಣಿಕೆ. ಜನ ತಿಳಿದದ್ದು ಬೇರೆ. ಅಮೆರಿಕದಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ನಿಶ್ಚಿತಾರ್ಥದ ಉಂಗುರಗಳ ನಡುಗಲ್ಲು ಲ್ಯಾಬಿನದು ಎಂದು ಅಲ್ಲಿನ ಮದುವೆ ಉದ್ಯಮದ ಸಮೀಕ್ಷೆಗಳು ಹೇಳುತ್ತವೆ. ಅಲ್ಲಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರೂ ಈ ಲೆಕ್ಕದಿಂದ ಹೊರಗಿರಲಾರರು. 2025ರ ಮೇ ತಿಂಗಳಲ್ಲಿ ಲೈಟ್‌ಬಾಕ್ಸ್ ಮುಚ್ಚುವುದಾಗಿ ಡಿ ಬಿಯರ್ಸ್ ಘೋಷಿಸಿತು. ಅದಕ್ಕೂ ಮುಂಚೆ, 2024ರಲ್ಲಿ, ಮಾತೃಸಂಸ್ಥೆ ಆಂಗ್ಲೋ ಅಮೆರಿಕನ್ ಡಿ ಬಿಯರ್ಸನ್ನೇ ಕೈಬಿಡುವ ನಿರ್ಧಾರ ಪ್ರಕಟಿಸಿತ್ತು. ಗಣಿಯ ವಜ್ರದ ಬೆಲೆ ಸದಾ ಏರುತ್ತದೆ ಎನ್ನುವ ಮಾರಾಟಗಾರನಿಗೆ ಈ ಸುದ್ದಿಯನ್ನೊಮ್ಮೆ ನೆನಪಿಸಬಹುದು.

ಹಾಗಾದರೆ ಲ್ಯಾಬಿನದು ನಕಲಿಯೇ? ಅಲ್ಲ. ಅದೂ ಇಂಗಾಲ, ಅದೇ ಸ್ಫಟಿಕ ರಚನೆ, ಅದೇ ಗಡಸುತನ. ಅಂಗಡಿಯಲ್ಲಿ ಪೆನ್ನಿನಂಥ ಉಪಕರಣ ತಾಗಿಸಿ 'ಕೀಂ' ಎನ್ನಿಸುತ್ತಾರಲ್ಲ, ಅದು ಶಾಖ ಹರಿಯುವ ವೇಗವನ್ನಷ್ಟೇ ಅಳೆಯುತ್ತದೆ. ಗಣಿಯದು, ಲ್ಯಾಬಿನದು ಎರಡಕ್ಕೂ ಕೂಗುತ್ತದೆ. ಅಷ್ಟೇಕೆ, ವಜ್ರವೇ ಅಲ್ಲದ ಮಾಯ್ಸನೈಟ್ ಎಂಬ ಕಲ್ಲಿಗೂ ಹಳೆಯ ಮಾದರಿಯ ಪೆನ್ನು ಕೂಗಿಬಿಡುತ್ತದೆ. ಆದ್ದರಿಂದ ಆ ಪ್ರದರ್ಶನಕ್ಕೆ ಮಾರುಹೋಗಬಾರದು. ಲ್ಯಾಬಿನದನ್ನು ಗಣಿಯದರಿಂದ ಬೇರ್ಪಡಿಸಲು ಪ್ರಯೋಗಾಲಯದ ಯಂತ್ರಗಳೇ ಬೇಕು.

ಇತಿಹಾಸ ಬಲ್ಲವರಿಗೆ ಇದರಲ್ಲೊಂದು ತಮಾಷೆ ಕಾಣುತ್ತದೆ. 1720ರ ದಶಕದಲ್ಲಿ ಬ್ರೆಜಿಲಿನಲ್ಲಿ ವಜ್ರ ಸಿಗುವವರೆಗೆ ಜಗತ್ತಿನ ವಜ್ರಪೇಟೆ ಹೆಚ್ಚುಕಡಿಮೆ ನಮ್ಮ ದಖ್ಖನದ್ದೇ. ವಿಜಯನಗರದ ಗಣಿಗಳಲ್ಲಿ ಇಪ್ಪತ್ತು ಮಂಗೆಲಿನ್ (ವಜ್ರ ತೂಗುವ ಅಂದಿನ ಮಾನ) ತೂಕ ಮೀರಿದ ವಜ್ರವೆಲ್ಲ ಅರಸನ ಬೊಕ್ಕಸಕ್ಕೆ ಸೇರಬೇಕಿತ್ತೆಂದು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ. ಕೃಷ್ಣಾ ತೀರದ ಕೊಲ್ಲೂರು ಗಣಿಯಿಂದ ಬಂದ ಗೋಲ್ಕೊಂಡಾ ವಜ್ರಗಳ ನೀರಿನಂಥ ತಿಳಿಗೆ ಕಾರಣ ಅವುಗಳಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆಯಿದ್ದದ್ದು. ಕೊಹಿನೂರ್ ಅದೇ ಜಾತಿಯದು. ಇಂದು ಗಣಿಯಿಂದ ಬರುವ ವಜ್ರಗಳಲ್ಲಿ ನೂರಕ್ಕೆ ಒಂದೆರಡು ಮಾತ್ರ ಆ ಜಾತಿಯವು. ಸಿವಿಡಿ ಯಂತ್ರದಿಂದ ಬರುವ ವಜ್ರಗಳಲ್ಲಿ ಬಹುಪಾಲು ಆ ಜಾತಿಯವೇ! ರಾಜರ ಬೊಕ್ಕಸದ ಗುಣ ಕಾರ್ಖಾನೆಯಲ್ಲಿ ಸಾಮಾನ್ಯವಾಯಿತು, ಸಾಮಾನ್ಯವಾದದ್ದೇ ಬೆಲೆ ಬಿತ್ತು.

ಇದರಿಂದ ಪ್ರಮಾಣಪತ್ರದ ಅರ್ಥವೂ ಬದಲಾಗಿದೆ. ಕಟಿಂಗ್, ಬಣ್ಣ, ಶುದ್ಧತೆ, ತೂಕ ಎಂಬ ನಾಲ್ಕು ಅಳತೆಗಳನ್ನು ರೂಢಿಗೆ ತಂದ ಅಮೆರಿಕದ ಜಿಐಎ ಸಂಸ್ಥೆ 2025ರ ಅಕ್ಟೋಬರ್‌ನಿಂದ ಲ್ಯಾಬ್ ವಜ್ರಗಳಿಗೆ ಬಣ್ಣ, ಶುದ್ಧತೆಯ ಸೂಕ್ಷ್ಮ ದರ್ಜೆ ಕೊಡುವುದನ್ನು ನಿಲ್ಲಿಸಿದೆ. 'ಪ್ರೀಮಿಯಂ', 'ಸ್ಟ್ಯಾಂಡರ್ಡ್' ಎಂಬ ಎರಡೇ ದರ್ಜೆ. ಲ್ಯಾಬ್ ಕಲ್ಲುಗಳೆಲ್ಲ ಹೆಚ್ಚುಕಡಿಮೆ ಮೇಲಿನ ದರ್ಜೆಗಳಲ್ಲೇ ಬಂದು ಬೀಳುವುದರಿಂದ ಸೂಕ್ಷ್ಮ ಭೇದಕ್ಕೆ ಅರ್ಥವಿಲ್ಲವೆಂಬುದು ಅವರ ನಿಲುವು. ಭಾರತದಲ್ಲಿ ಹೆಚ್ಚು ಓಡಾಡುವ ಪ್ರಮಾಣಪತ್ರ ಐಜಿಐ ಎಂಬ ಇನ್ನೊಂದು ಸಂಸ್ಥೆಯದು, ಅದು ಹಳೆಯ ಕ್ರಮದಲ್ಲೇ ಮುಂದುವರಿದಿದೆ. ನನ್ನ ಅಭಿಪ್ರಾಯದಲ್ಲಿ ಜಿಐಎ ಹೇಳಿದ್ದರಲ್ಲಿ ಹುರುಳಿದೆ. ಲ್ಯಾಬ್ ವಜ್ರ ಕೊಳ್ಳುವವರು 'ಡಿ ಕಲರ್, ವಿವಿಎಸ್' (ಬಣ್ಣವೇ ಇಲ್ಲದ, ಒಳಕಲೆ ಕಾಣದಷ್ಟು ಶುದ್ಧವಾದ ಕಲ್ಲು) ಎಂಬ ಮಾತಿಗೆ ಹೆಚ್ಚಿನ ಹಣ ತೆರಬೇಕಾಗಿಲ್ಲ. ಅದು ಅಲ್ಲಿ ಸಹಜ. ಕೆಲವು ಸಿವಿಡಿ ಕಲ್ಲುಗಳಿಗೆ ತೆಳುವಾದ ಕಂದು ಛಾಯೆ ಇರುತ್ತದೆ, ಬಿಳಿ ಹಾಳೆಯ ಮೇಲಿಟ್ಟು ಅದನ್ನು ನೋಡಿಕೊಂಡರೆ ಸಾಕು.

ಗಣಿಯದಾಗಲಿ ಲ್ಯಾಬಿನದಾಗಲಿ, ಕಣ್ಣಿಗೆ ಕಾಣುವ ಹೊಳಪನ್ನು ತೀರ್ಮಾನಿಸುವುದು ಕಟಿಂಗ್. ನಮ್ಮವರು ಮೊದಲು ಕೇಳುವುದು ಎಷ್ಟು ಸೆಂಟ್ ಎಂದು, ಆಮೇಲೆ ಶುದ್ಧತೆ, ಕಟಿಂಗ್ ಕೊನೆಗೆ ನೆನಪಾದರೆ ಉಂಟು. ಸರಿಯಾಗಿ ಕತ್ತರಿಸಿದ ಒಂದು ಕ್ಯಾರೆಟ್‌ನ ದುಂಡು ಕಲ್ಲು ಸುಮಾರು ಆರೂವರೆ ಮಿಲಿಮೀಟರ್ ಅಗಲವಿರಬೇಕು, ಅರ್ಧ ಕ್ಯಾರೆಟ್‌ನದು ಐದಕ್ಕಿಂತ ತುಸು ಹೆಚ್ಚು. ತೂಕ ಉಳಿಸಲೆಂದು ತಳವನ್ನು ಆಳವಾಗಿ ಬಿಟ್ಟ ಕಲ್ಲುಗಳುಂಟು. ಅವು ತಕ್ಕಡಿಯಲ್ಲಿ ಒಂದು ಕ್ಯಾರೆಟ್ ತೂಗುತ್ತವೆ, ಬೆರಳಿನ ಮೇಲೆ ಅದಕ್ಕಿಂತ ಚಿಕ್ಕದಾಗಿ ಕಾಣುತ್ತವೆ, ನಡುವೆ ಮಂಕಾಗಿಯೂ ಇರುತ್ತವೆ. ನೀವು ಆ ಆಳಕ್ಕೂ ದುಡ್ಡು ಕೊಟ್ಟಿರುತ್ತೀರಿ. ಪ್ರಮಾಣಪತ್ರದಲ್ಲಿ ಅಗಲವನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ, ಅದನ್ನು ಓದಿ. ಇನ್ನು ಅಂಗಡಿಯ ಚಾವಣಿಯ ದೀಪಗಳ ಕೆಳಗೆ ಗಾಜಿನ ಚೂರೂ ಮಿನುಗುತ್ತದೆ. ಉಂಗುರವನ್ನು ಬಾಗಿಲ ಬಳಿ, ಹಗಲಿನ ನೆರಳುಬೆಳಕಿಗೆ ತಂದು ತಿರುಗಿಸಿ ನೋಡಬೇಕು. ಒಳ್ಳೆಯ ಅಂಗಡಿಯವರು ಬೇಡವೆನ್ನುವುದಿಲ್ಲ.

ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ಗಣಿಯ ಕಲ್ಲಿನ ಬಣ್ಣದ ದರ್ಜೆಯಲ್ಲಿ ತುಸು ಕೆಳಗಿಳಿಯಬಹುದು. ಐ, ಜೆ ದರ್ಜೆಯ ಕಲ್ಲಿನ ತೆಳು ಹಳದಿ ಛಾಯೆ ಚಿನ್ನದ ಬಣ್ಣದಲ್ಲೇ ಕರಗಿಹೋಗುತ್ತದೆ, ಬೆಲೆಯಲ್ಲಿ ಮಾತ್ರ ಗಣನೀಯ ಉಳಿತಾಯ. ಬಿಳಿ ಚಿನ್ನ, ಪ್ಲಾಟಿನಂನಲ್ಲಿ ಅದು ಎದ್ದು ಕಾಣುತ್ತದೆ. ಹಾಗೆಯೇ ಒಂದು ಕ್ಯಾರೆಟ್ ಪೂರ್ತಿ ಬೇಕೆಂದು ಹಟ ಹಿಡಿಯುವ ಬದಲು ತೊಂಬತ್ತು ಚಿಲ್ಲರೆ ಸೆಂಟಿನ ಕಲ್ಲು ಕೇಳಿ. ದುಂಡು ಸಂಖ್ಯೆ ದಾಟಿದೊಡನೆ ಕ್ಯಾರೆಟ್ ದರವೇ ಮೇಲಕ್ಕೆ ಜಿಗಿಯುತ್ತದೆ.

ಬಿಲ್ಲಿನ ವಿಷಯ ಇನ್ನಷ್ಟಿದೆ. ಚಿನ್ನದ ದರ ಹಾಕಬೇಕಾದದ್ದು ಕಲ್ಲು ಕಳೆದ ತೂಕಕ್ಕೆ. ಮೇಲಿನ ಲೆಕ್ಕದಲ್ಲಿ ಒಟ್ಟು 3.10 ಗ್ರಾಮಿಗೂ ದರ ಹಾಕಿದರೆ ಸಾವಿರ ರೂಪಾಯಿ ಹೆಚ್ಚಾಗುತ್ತದೆ, ಅಂದರೆ ಕಲ್ಲಿಗೆ ಎರಡು ಸಲ ಹಣ ಕೊಟ್ಟಂತೆ. ಸುತ್ತ ಸಣ್ಣ ಕಲ್ಲುಗಳಿದ್ದರೆ ಇನ್ನೂ ಹೆಚ್ಚು. ಹದಿನೆಂಟು ಕ್ಯಾರೆಟ್ ಚಿನ್ನವೆಂದು ಹೇಳುವ 750 ಎಂಬ ಗುರುತು, ಆರು ಅಕ್ಷರ ಮತ್ತು ಅಂಕಿಗಳ ಎಚ್‌ಯುಐಡಿ ಸಂಖ್ಯೆ ಉಂಗುರದ ಒಳಮೈಯಲ್ಲಿರಬೇಕು. 2023ರ ಏಪ್ರಿಲ್‌ನಿಂದ ಇದು ಕಡ್ಡಾಯ, ಬಿಐಎಸ್‌ನ ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಆದರೆ ಈ ಹಾಲ್‌ಮಾರ್ಕ್ ಗುರುತು ಚಿನ್ನಕ್ಕೆ ಮಾತ್ರ ಜವಾಬ್ದಾರಿ, ಕಲ್ಲಿಗಲ್ಲ. ಕಲ್ಲಿನ ಸಾಕ್ಷಿ ಅದರ ಸೊಂಟದ ಸುತ್ತ ಲೇಸರ್‌ನಿಂದ ಕೊರೆದ ಸಂಖ್ಯೆ. ಅಂಗಡಿಯ ಭೂತಗನ್ನಡಿಯಲ್ಲಿ ಆ ಸಂಖ್ಯೆಯನ್ನು ನೀವೇ ನೋಡಿ, ಪ್ರಮಾಣಪತ್ರದೊಂದಿಗೆ ತಾಳೆ ಹಾಕಿ, ಅದೇ ಸಂಖ್ಯೆ ಬಿಲ್ಲಿನಲ್ಲಿಯೂ ಬರುವಂತೆ ನೋಡಿಕೊಳ್ಳಿ. ಕೊಂಡದ್ದು ಲ್ಯಾಬಿನದಾದರೆ ಬಿಲ್ಲಿನಲ್ಲಿ ಬರೀ 'ಡೈಮಂಡ್' ಎಂದಿದ್ದರೆ ಸಾಲದು. ಅಂತರರಾಷ್ಟ್ರೀಯ ಮಾನದಂಡದಲ್ಲಿ ವಿಶೇಷಣವಿಲ್ಲದ ವಜ್ರವೆಂದರೆ ಗಣಿಯದು.

ಹಿರಿಯರ ಇನ್ನೊಂದು ಆತಂಕವಿದೆ: ವಜ್ರ ಆಗಿಬರಬೇಕು. ಕಾಗೆಕಾಲಿನಂಥ ಗೆರೆ, ಕಪ್ಪು ಚುಕ್ಕೆ ಇದ್ದರೆ ದೋಷವೆಂದು ರತ್ನಶಾಸ್ತ್ರಗಳು ಹೇಳುತ್ತವೆ. ಕೊಳ್ಳುವ ಮುನ್ನ ಎರಡು ಮೂರು ದಿನ ಮನೆಯಲ್ಲಿಟ್ಟು ನೋಡುವ ಪದ್ಧತಿ ಹಲವು ಕುಟುಂಬಗಳಲ್ಲಿತ್ತು. ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಶಾಸ್ತ್ರಕಾರರು ದೋಷವೆಂದ ಗುರುತುಗಳಲ್ಲಿ ಹಲವು ಇಂದಿನ ರತ್ನಪರೀಕ್ಷಕರು ಶುದ್ಧತೆಯ ಹೆಸರಿನಲ್ಲಿ ಹುಡುಕುವ ಬಿರುಕು, ಒಳಕಲೆಗಳೇ. ಮೇಲ್ಮೈಗೆ ತಾಗಿದ ಬಿರುಕಿರುವ ಕಲ್ಲು ಪೆಟ್ಟು ಬಿದ್ದರೆ ಸೀಳಬಹುದು. ವಜ್ರ ಗೀರು ಬೀಳದಷ್ಟು ಗಡಸು, ಒಡೆಯದಷ್ಟು ಗಟ್ಟಿಯಲ್ಲ. ಲ್ಯಾಬ್ ವಜ್ರ ಶುಕ್ರನಿಗೆ ಸಲ್ಲುತ್ತದೆಯೇ ಎಂಬುದರಲ್ಲಿ ಜ್ಯೋತಿಷಿಗಳಲ್ಲೇ ಒಮ್ಮತವಿಲ್ಲ, ಅದನ್ನು ಅವರಿಗೇ ಬಿಡೋಣ.

ಪರಿಸರದ ಹೆಸರಿನಲ್ಲಿ ನಡೆಯುವ ವಾದವನ್ನು ನಾನು ಎರಡೂ ಕಡೆಯಿಂದ ಅರ್ಧಕ್ಕಿಂತ ಹೆಚ್ಚು ನಂಬುವುದಿಲ್ಲ. ಸಿವಿಡಿ ಯಂತ್ರ ಹಗಲಿರುಳು ವಿದ್ಯುತ್ ಕುಡಿಯುತ್ತದೆ, ಅದು ಕಲ್ಲಿದ್ದಲಿನದಾದರೆ 'ಹಸಿರು ವಜ್ರ' ಎಂಬ ಮಾತು ಪೊಳ್ಳು. ಗಣಿಯ ಕಡೆಯವರು ತೋರಿಸುವ ಕಿಂಬರ್ಲಿ ಪ್ರಮಾಣಪತ್ರ 2003ರಿಂದ ಇದೆ, ಬಂಡುಕೋರರಿಗೆ ಹಣ ಹೋಗುವ ವಜ್ರವನ್ನಷ್ಟೇ ಅದು ತಡೆಯುತ್ತದೆ. ಹಾಗೆಂದು ಗಣಿಯೆಲ್ಲ ರಕ್ತಸಿಕ್ತವೂ ಅಲ್ಲ; ಬೋಟ್ಸ್‌ವಾನಾ ದೇಶ ಶಾಲೆ, ರಸ್ತೆ ಕಟ್ಟಿಕೊಂಡದ್ದು ವಜ್ರದ ಆದಾಯದಿಂದ.

ನನ್ನ ತೀರ್ಮಾನ ಕೇಳುವುದಾದರೆ, ಉಂಗುರವನ್ನು ರೇಷ್ಮೆ ಸೀರೆಯಂತೆ ಕೊಳ್ಳಬೇಕು. ಮದುವೆಯ ಸೀರೆ ಮಾರಿದರೆ ಎಷ್ಟು ಬರುತ್ತದೆಂದು ಯಾವ ತಾಯಿಯೂ ಕೇಳುವುದಿಲ್ಲ. ಚೆನ್ನಾಗಿದೆಯೇ, ಬಾಳಿಕೆ ಬರುತ್ತದೆಯೇ, ಕೈಗೆಟುಕುತ್ತದೆಯೇ ಎಂದು ಕೇಳುತ್ತಾಳೆ. ಗಣಿಯದೇ ಬೇಕೆಂಬ ಮಮತೆಯಿದ್ದರೆ ಚಿಕ್ಕದಾದರೂ ಚೆನ್ನಾಗಿ ಕತ್ತರಿಸಿದ ಕಲ್ಲು ಕೊಳ್ಳಿ, ಮಮತೆಗೆ ಕೊಟ್ಟ ಹಣ ಅದೆಂದು ತಿಳಿದಿರಿ. ಇಲ್ಲದಿದ್ದರೆ ಲ್ಯಾಬಿನದನ್ನು ಕೊಂಡು, ಉಳಿದ ಹಣವನ್ನು ಹಿರಿಯರಿಗೆ ನಿಜಕ್ಕೂ ಧೈರ್ಯ ಕೊಡುವ ಇಪ್ಪತ್ತೆರಡು ಕ್ಯಾರೆಟ್ ಚಿನ್ನಕ್ಕೆ ಹಾಕಿ. ಇಬ್ಬರ ಮಾತೂ ನಡೆದಂತಾಗುತ್ತದೆ.

ಮೂರನೆಯ ದಾರಿಯೊಂದು ಎಷ್ಟೋ ಮನೆಗಳ ಲಾಕರಿನಲ್ಲೇ ಇದೆ. ಅಜ್ಜಿಯ ಏಳು ಹರಳಿನ ವಜ್ರದ ಓಲೆ, ಯಾರೂ ಹಾಕಿಕೊಳ್ಳದ ಮೂಗುಬೊಟ್ಟು. ಹಳೆಯ ಕಾಲದ ಕಟಿಂಗ್, ಹಿಂಬದಿ ಮುಚ್ಚಿದ ಕಟ್ಟು, ಎಣ್ಣೆ ಅರಿಶಿನ ಮೆತ್ತಿ ಮಂಕಾಗಿರುತ್ತವೆ; ವಜ್ರಕ್ಕೆ ಜಿಡ್ಡು ಬಲು ಬೇಗ ಅಂಟುತ್ತದೆ. ಅಂಟುವಾಳದ ನೀರಿನಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದರೆ ಒಳಗಿನ ಕಲ್ಲು ಎಂಥದ್ದೆಂದು ಕಾಣುತ್ತದೆ. ಅದನ್ನು ಬಿಡಿಸಿ ಹೊಸ ಉಂಗುರಕ್ಕೆ ಕೂರಿಸಲು ಚಿನ್ನ, ಮಜೂರಿಯ ಖರ್ಚಷ್ಟೇ. ಅಕ್ಕಸಾಲಿಗನ ಕೈಗೆ ಕೊಡುವ ಮುಂಚೆ ಪ್ರತಿ ಕಲ್ಲಿನ ಫೋಟೊ ತೆಗೆದುಕೊಳ್ಳಿ, ಕಲ್ಲುಗಳನ್ನು ನಿಮ್ಮೆದುರಿಗೇ ಬಿಡಿಸಿ ತೂಗಲು ಹೇಳಿ, ತೂಕವನ್ನು ಸೆಂಟಿನಲ್ಲಿ ಬರೆದು ಸಹಿ ಮಾಡಿದ ಚೀಟಿ ಪಡೆಯಿರಿ. ಪ್ರಮಾಣಪತ್ರ ಬೇಕಿದ್ದರೆ ಕೂರಿಸುವ ಮುನ್ನವೇ, ಬಿಡಿಗಲ್ಲಾಗಿರುವಾಗಲೇ ಪ್ರಯೋಗಾಲಯಕ್ಕೆ ಕಳುಹಿಸಿ.